ಪಂಕ್ಚುಯಲ್ ಗಂಡ

ಅವಳಿಗೆ ಗಂಡ ಸಿಕ್ಕಿದ್ದು ಒಂದು ಇಂಗ್ಲಿಷ್ ಪದದಿಂದ. ಆ ಸಂಜೆ ಲಿಫ್ಟ್ ನಡುದಾರಿಯಲ್ಲಿ ನಿಲ್ಲದೇ ಇದ್ದಿದ್ದರೆ ಆ ಗಂಡ ಹುಟ್ಟುತ್ತಲೇ ಇರಲಿಲ್ಲ.

ಲಿಫ್ಟ್ ಒಮ್ಮೆ ಬಿಕ್ಕಳಿಸಿತು. ನಿಂತಿತು. ಅವಳು ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದಳು. ಬಾಗಿಲು ಬಡಿದಳು.

"ಯಾರಾದ್ರೂ ಇದ್ದೀರಾ?!"

ಮೇಲೆಲ್ಲೋ ದಡಬಡ ಸದ್ದು. ಬಾಗಿಲು ಕಿರುಗುಟ್ಟುತ್ತಾ ಸರಿಯಿತು. ಮೇಲಿನ ಮಹಡಿಯ ನೆಲ ಅವಳ ಎದೆಯ ಎತ್ತರದಲ್ಲಿತ್ತು. ಆ ನೆಲದ ಮೇಲೆ ಬೋರಲು ಮಲಗಿದ್ದ ಗಂಡಸೊಬ್ಬ ಇಣುಕುತ್ತಿದ್ದ. ಕೈಯಲ್ಲಿ ಸ್ಪ್ಯಾನರ್, ಮೂಗಿನ ಮೇಲೆ ಮಸಿ.

"ಅಯ್ಯೋ, ಒಳಗೆ ಜನ ಇದ್ದಾರಾ!"

"ಜನ ಅಲ್ಲ, ನಾನು!"

"ಲಿಫ್ಟ್ ರಿಪೇರಿಯಲ್ಲಿದೆ ಅಂತ ಬೋರ್ಡ್ ಹಾಕಿದ್ದೆನಲ್ಲಾ ಮೇಡಂ?"

"ಎಲ್ಲಿದೆ ಬೋರ್ಡು?"

ಅವನು ತಿರುಗಿ ನೋಡಿದ. ಬೋರ್ಡ್ ಅವನ ಚೀಲದೊಳಗಿಂದಲೇ ತಲೆ ಹೊರಹಾಕಿ ಮಲಗಿತ್ತು.

"...ಹಾಕ್ಬೇಕು ಅಂದ್ಕೊಂಡಿದ್ದೆ."

ಅವಳು ಕಣ್ಣಲ್ಲೇ ಅವನನ್ನು ಸುಟ್ಟಳು. ಅವನು ಕರೆಂಟ್ ಆಫ್ ಮಾಡಿರುವುದನ್ನು ಇನ್ನೊಮ್ಮೆ ನೋಡಿಕೊಂಡು, ಒಂದು ಸಣ್ಣ ಸ್ಟೂಲನ್ನು ಒಳಗಿಳಿಸಿ, ಕೈ ಚಾಚಿದ. ಬೇರೆ ದಾರಿಯಿರಲಿಲ್ಲ. ಅವಳು ಆ ಕೈ ಹಿಡಿದಳು.

ಒಂದೇ ಎಳೆತ. ಮೇಲೆ ಬಂದಾಗ ಅವಳ ಮುಖಕ್ಕೂ ಅವನ ಅಂಗಿಯ ಗುಂಡಿಗೂ ನಡುವೆ ಒಂದು ಬೆರಳಿನ ಜಾಗವೂ ಉಳಿದಿರಲಿಲ್ಲ. ಗ್ರೀಸಿನ ವಾಸನೆ... ಅದರ ಜೊತೆಗೆ ಸೋಪಿನ ವಾಸನೆ. ಎದೆ ಯಾಕೋ ತಾಳ ತಪ್ಪಿತು. ಭಯಕ್ಕಿರಬೇಕು ಅಂದುಕೊಂಡಳು.

"ಕೈ ಬಿಡಿ."

"ಓ... ಹೌದು."

ಬಿಟ್ಟ. ಅವಳ ಮಣಿಕಟ್ಟಿನ ಮೇಲೆ ಅವನ ಬೆರಳುಗಳು ಕಪ್ಪಗೆ ಅಚ್ಚಾಗಿದ್ದವು.

*

ಕೊನೆಯ ಮಹಡಿಯಲ್ಲಿ ಹಗಲಿಗೆ ಟೈಪಿಂಗ್ ಕಲಿಸುತ್ತಿದ್ದ ಕೋಣೆಯಲ್ಲೇ ಸಂಜೆ ಇಂಗ್ಲಿಷ್ ಕ್ಲಾಸ್. ಕಲಿಸುವವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಎಲ್ಲರ ಬಾಯಲ್ಲೂ ಟೀಚರಮ್ಮ.

ಟೀಚರಮ್ಮನ ಪದ್ಧತಿಯೇ ಬೇರೆ. ಬೋರ್ಡಿನ ಮೇಲೆ ಒಂದು ಪದ ಬರೆಯುತ್ತಿದ್ದರು. ಅದರ ಅರ್ಥ ಹೇಳುತ್ತಿದ್ದರು. ಆಮೇಲೆ ಪ್ರತಿಯೊಬ್ಬರೂ ಆ ಪದ ಹಾಕಿ ಒಂದು ವಾಕ್ಯ ಹೇಳಬೇಕು.

"ಪುಸ್ತಕದ ವಾಕ್ಯ ನನಗೆ ಬೇಡ. ಅದರಲ್ಲಿರೋ ರಾಮ ಭೀಮರೆಲ್ಲ ಪರೀಕ್ಷೆ ಮುಗಿದ ದಿನ ಸತ್ತುಹೋಗ್ತಾರೆ," ಎನ್ನುತ್ತಿದ್ದರು ಅವರು. "ನಿಮ್ಮ ಮನೆಯ ಮಾತು ಹೇಳಿ. ನಿಜ ಹೇಳಿ. ಪದ ಸಾಯೋವರೆಗೂ ಜೊತೆಗಿರುತ್ತೆ."

ಇಷ್ಟಕ್ಕೇ ಮುಗಿಯುತ್ತಿರಲಿಲ್ಲ. ಒಬ್ಬರು ವಾಕ್ಯ ಹೇಳಿದ ಕೂಡಲೇ ಅವರ ಬೆಂಚಿನ ಜೊತೆಗಾರ ಅದರ ಮೇಲೆ ಒಂದು ಪ್ರಶ್ನೆ ಕೇಳಬೇಕು. ಒಂದೇ ಒಂದು. ಅದಕ್ಕೆ ಉತ್ತರ ಕೊಟ್ಟ ಮೇಲೆಯೇ ಕೂರಬೇಕು.

ಅವಳು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಮೇಣದಲ್ಲಿ ಒಂದೊಂದೇ ಹಲ್ಲು ಜೋಡಿಸಿ ಪೂರ್ತಿ ಸೆಟ್ ಕಟ್ಟುವುದು ಅವಳ ಕೆಲಸ. ಡಾಕ್ಟರುಗಳ ಜೊತೆ ಫೋನಿನಲ್ಲಿ ಇಂಗ್ಲಿಷ್ ಮಾತಾಡಲು ಬಂದರೆ ಮುಂದಿನ ಮೇಜು ನಿನಗೇ ಎಂದಿದ್ದರು ಮಾಲೀಕರು. ಆ ಆಸೆಗೇ ಬಂದು ಸೇರಿದ್ದಳು. ಅವತ್ತು ಅವಳಿಗೆ ಮೊದಲ ಕ್ಲಾಸ್.

ಆ ದಿನದ ಪದ 'ಪಂಕ್ಚುಯಲ್'. ಹೇಳಿದ ಹೊತ್ತಿಗೆ ಸರಿಯಾಗಿ ಬರುವವರು ಎಂದು ಟೀಚರಮ್ಮ ಅರ್ಥ ಹೇಳಿ ಮುಗಿಸಿದ್ದರು. ಆಗಲೇ ಬಾಗಿಲು ತೆರೆಯಿತು.

"ಸಾರಿ ಟೀಚರ್. ಕೆಳಗೆ ಲಿಫ್ಟ್..."

ಅವನೇ! ಮೂಗಿನ ಮಸಿ ಇನ್ನೂ ಹಾಗೇ ಇತ್ತು. ಖಾಲಿಯಿದ್ದದ್ದು ಒಂದೇ ಜಾಗ... ಅವಳ ಪಕ್ಕ.

"ಕೂರ್ಲಾ?"

"ಬೋರ್ಡ್ ಹಾಕಿಲ್ವಲ್ಲ, ಕೂತ್ಕೊಳ್ಳಿ."

ಅವನು ನಕ್ಕ. ನಗುವಾಗ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಚೂರು ಓರೆಯಾಗಿ ಇಣುಕಿತು. ಅವಳು ಅದನ್ನು ಗಮನಿಸಿದ್ದು ಬರೀ ಕಸುಬಿನ ಅಭ್ಯಾಸದಿಂದ. ಹಾಗಂತ ತನಗೆ ತಾನೇ ಹೇಳಿಕೊಂಡಳು.

"ನಿನ್ನ ವಾಕ್ಯ?" ಟೀಚರಮ್ಮ ಅವಳ ಕಡೆ ತಿರುಗಿದರು.

ಅವಳು ಎದ್ದಳು. ಮಣಿಕಟ್ಟಿನ ಗ್ರೀಸ್ ಉರಿಯುತ್ತಿರುವಂತಿತ್ತು. ಈ ಮನುಷ್ಯನಿಗೆ ಚುಚ್ಚಬೇಕು. ನಗುವುದನ್ನು ನಿಲ್ಲಿಸಬೇಕು. ಪಕ್ಕದಲ್ಲಿ ಕೂತವರು ದಿನಾ ಕೇಳಬಹುದಾದ 'ನಿಮ್ಮ ಮನೆಯಲ್ಲಿ ಯಾರ್ಯಾರಿದ್ದಾರೆ'ಗೂ ಇವತ್ತೇ ಬಾಗಿಲು ಹಾಕಬೇಕು. ಮೂರೂ ಒಟ್ಟಿಗೆ ಸೇರಿ ಬಾಯಿಂದ ಹೊರಬಿದ್ದವು.

"ಮೈ ಹಸ್ಬೆಂಡ್ ಈಸ್ ಪಂಕ್ಚುಯಲ್."

ಅಲ್ಲಿಗೆ ಹುಟ್ಟಿದ, ಗಂಡ!

ಅವನ ನಗು ನಿಂತಿತು. ಆದರೆ ಪದ್ಧತಿಯ ಪ್ರಕಾರ ಅವನು ಪ್ರಶ್ನೆ ಕೇಳಲೇಬೇಕಿತ್ತು. ಅವಳ ಬರಿ ಬೆರಳುಗಳನ್ನು ನೋಡಿ, ಮೆಲ್ಲಗೆ ಕೇಳಿದ.

"ವೈ ನೋ ರಿಂಗ್?"

"ಪ್ಲಾಸ್ಟರ್," ಎಂದಳು ಅವಳು. ಆಮೇಲೆ ಇಂಗ್ಲಿಷ್ ಕೈಕೊಟ್ಟಿತು. "ಕೆಲಸದಲ್ಲಿ ಹಲ್ಲಿನ ಅಚ್ಚಿನ ಪ್ಲಾಸ್ಟರ್ ಮೆತ್ಕೊಳ್ಳುತ್ತೆ. ಅದಕ್ಕೆ ಹಾಕಲ್ಲ."

ಗಂಡ ಇದ್ದಾನೆ ಅಂದರೆ ಪ್ರಶ್ನೆಗಳು ನಿಲ್ಲುತ್ತವೆ ಎಂದುಕೊಂಡಿದ್ದಳು. ಪ್ರಶ್ನೆಗಳು ಶುರುವಾಗಿದ್ದೇ ಅಲ್ಲಿಂದ.

*

ಸುಳ್ಳಿಗೂ ಒಂದು ಕಟ್ಟೋಣವಿದೆ. ಅವಳಿಗದು ಗೊತ್ತಿತ್ತು. ಲ್ಯಾಬಿನಲ್ಲಿ ಹೊಸದಾಗಿ ಸೇರಿದವರು ಹಲ್ಲುಗಳನ್ನು ಸೈನಿಕರ ಹಾಗೆ ಸಾಲಾಗಿ ನಿಲ್ಲಿಸುತ್ತಾರೆ. ಬಾಯಿ ತೆರೆದ ಕೂಡಲೇ ಕಟ್ಟಿಸಿದ ಹಲ್ಲು ಎಂದು ಜಗತ್ತಿಗೇ ತಿಳಿಯುತ್ತದೆ. ಅವಳು ಒಂದನ್ನು ಚೂರು ತಿರುಗಿಸುತ್ತಿದ್ದಳು, ಇನ್ನೊಂದರ ತುದಿ ಸ್ವಲ್ಪ ಸವೆಸುತ್ತಿದ್ದಳು. ಆಗ ಯಾರೂ ಅನುಮಾನಿಸುತ್ತಿರಲಿಲ್ಲ.

ಗಂಡನಿಗೂ ಹಾಗೇ ಒಂದು ಕೊರತೆ ಕೊಟ್ಟಳು. 'ಸ್ಟಬರ್ನ್' ಬಂದ ದಿನ ಅವನು ಹಠಮಾರಿಯಾದ.

"ಹೌ ಸ್ಟಬರ್ನ್?" ಕೇಳಿದ ಮೆಕ್ಯಾನಿಕ್.

"ಮಾತಾಡೋದು ಬಿಟ್ರೆ ಮೂರು ದಿನ ಮಾತಾಡಲ್ಲ."

"ಪಾಪ. ಅಷ್ಟು ದಿನ ನೀವೇನು ಮಾಡ್ತೀರಾ?"

"ಒಂದೇ ಪ್ರಶ್ನೆ!" ಬೋರ್ಡಿನ ಕಡೆಯಿಂದ ಟೀಚರಮ್ಮ ಗದರಿದರು.

ಅವನ ವಾಕ್ಯಗಳಲ್ಲಿ ಬರುತ್ತಿದ್ದದ್ದು ಅವನ ಅಮ್ಮ ಒಬ್ಬರೇ. ಅವರೂ ಹಠಮಾರಿ. ಲಿಫ್ಟ್ ಹತ್ತುವುದೇ ಇಲ್ಲ.

"ವೈ?" ಅವಳು ಕೇಳಿದಳು.

"ರಿಪೇರಿ ಮಾಡಿದ್ದು ಯಾರು ಅಂತ ಕೇಳ್ತಾರೆ. ನಾನೇ ಅಂದ ಕೂಡ್ಲೇ ಮೆಟ್ಟಿಲು ಹತ್ತೋಕೆ ಶುರು ಮಾಡ್ತಾರೆ."

ಇಡೀ ಕ್ಲಾಸ್ ನಕ್ಕಿತು. ಅವಳೂ ನಕ್ಕಳು. ತಡೆಯಲು ನೋಡಿದಳು, ಆಗಲಿಲ್ಲ.

ಅವನು ಯಾವತ್ತೂ ತಡವಾಗಿ ಬರುತ್ತಿದ್ದ. ಊರಿನ ಲಿಫ್ಟುಗಳೆಲ್ಲ ಸಂಜೆಯೇ ಯಾಕೆ ಕೆಡುತ್ತವೋ! ಬಂದು, ಚಿಂದಿ ಬಟ್ಟೆಯಲ್ಲಿ ಒಂದೊಂದೇ ಬೆರಳನ್ನು ಮಗುವಿನ ಕೈ ಒರೆಸುವ ಹಾಗೆ ಒರೆಸಿಕೊಂಡು, ಆಮೇಲೆ ಮಾತ್ರ ಪುಸ್ತಕ ಮುಟ್ಟುತ್ತಿದ್ದ. ಪದ ನಾಲಿಗೆಗೆ ಸಿಗದಿದ್ದರೆ ಸಿಟ್ಟಾಗುವ ಬದಲು ಮೂಗಿನಲ್ಲೇ ಏನೋ ಗುನುಗುತ್ತಿದ್ದ. ಹಿಂದಿನ ಬೆಂಚಿನ ಬೇಕರಿ ಅಂಕಲ್ ಉಚ್ಚಾರಣೆಯಲ್ಲಿ ತಡವರಿಸಿದಾಗ, ತಾನೂ ಬೇಕೆಂದೇ ತಪ್ಪು ಹೇಳಿ ನಗೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದ.

ಅವಳು ನೋಡುತ್ತಿದ್ದಳು. ನೋಡುತ್ತಿದ್ದೇನೆ ಎಂದು ಅವಳಿಗೇ ಗೊತ್ತಿರಲಿಲ್ಲ.

'ಜೆಂಟಲ್' ಬಂದ ದಿನ ಎದ್ದು ನಿಂತು ಹೇಳಿದಳು, "ಮೈ ಹಸ್ಬೆಂಡ್ ಈಸ್ ಜೆಂಟಲ್. ಅವರು ಕೈ ಒರೆಸ್ಕೊಳ್ಳೋದು ನೋಡಿದ್ರೆ ಗೊತ್ತಾಗುತ್ತೆ."

'ಹಮ್' ಬಂದ ದಿನ, "ಸಿಟ್ಟು ಬಂದಾಗ ನನ್ನ ಗಂಡ ಗುನುಗ್ತಾರೆ."

'ಕೈಂಡ್' ಬಂದ ದಿನ, "ನನ್ನ ಗಂಡ ಬೇರೆಯವರ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ತಾರೆ."

ಮೆಕ್ಯಾನಿಕ್ ಪ್ರಶ್ನೆ ಕೇಳುವುದನ್ನೇ ಮರೆತ. ಆಮೇಲೆ ನೆಲ ನೋಡುತ್ತಾ ಹೇಳಿದ.

"ನಿಮ್ಮ ಯಜಮಾನ್ರೂ ನಾನೂ ಸಿಕ್ಕಿದ್ರೆ ಒಳ್ಳೆ ಸ್ನೇಹಿತರಾಗ್ತಿದ್ವಿ ಅನ್ಸುತ್ತೆ."

ಅವಳು ದಡಕ್ಕನೆ ಕೂತಳು. 'ದೇವರೇ... ನಾನು ಯಾರನ್ನ ಕಟ್ತಾ ಇದ್ದೀನಿ? ಮೇಣ ನನ್ನದು, ಅಚ್ಚು ಇವನದು!'

ಹೇಳಿಬಿಡಲೇ? ಗಂಡನೇ ಇಲ್ಲ ಎಂದು? ಇಷ್ಟು ದಿನ ಸುಳ್ಳು ಹೇಳಿದವಳ ಯಾವ ಮಾತನ್ನು ತಾನೇ ಅವನು ನಂಬುತ್ತಾನೆ? ನಾಳೆ ಹೇಳಿದರಾಯಿತು ಎಂದುಕೊಂಡಳು. ಪ್ರತಿ ನಾಳೆಯೂ ಬಂದು, ಏನೂ ಗೊತ್ತಿಲ್ಲದವರ ಹಾಗೆ ಹೋಗಿಬಿಡುತ್ತಿತ್ತು.

*

ಅಷ್ಟರಲ್ಲಿ ಒಂದು ಸಂಜೆ ಭಾವ ಅವಳನ್ನು ಕರೆದೊಯ್ಯಲು ಬಂದರು.

ಅವಳು ಇದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕನ ಗಂಡ ಎಲ್ಲಿಗೇ ಆದರೂ ಹೊರಡುವ ಮುಂಚೆ ಬೀಗದ ಕೈ, ಕನ್ನಡಕ, ಮತ್ತೆ ಬೀಗದ ಕೈ ಹುಡುಕುವವರು. ಕ್ಲಾಸ್ ಬಿಟ್ಟು ಎಷ್ಟೋ ಹೊತ್ತಾದ ಮೇಲೆ ಸ್ಕೂಟರ್ ಬಂತು. ಅಲ್ಲಿಯವರೆಗೂ ಮೆಕ್ಯಾನಿಕ್ ಗೇಟಿನ ಬಳಿ, ತನ್ನ ಬೈಕಿಗೆ ಏನೋ ಆಗಿದೆ ಎಂಬ ನೆಪ ಮಾಡಿಕೊಂಡು, ಅವಳ ಜೊತೆ ನಿಂತಿದ್ದ.

ಸ್ಕೂಟರ್ ನಿಂತಿತು. ಹೆಲ್ಮೆಟ್ಟಿನೊಳಗಿನ ಬೆವರಿದ ಮುಖ ಅವನಿಗೆ ಕಂಡಿತು.

"ನಮಸ್ಕಾರ ಸರ್," ಅವನು ಮುಂದೆ ಬಂದ. "ಇವರ ಯಜಮಾನ್ರು ನೀವೇನಾ! ನಿಮ್ಮ ಬಗ್ಗೆ ತುಂಬಾ ಕೇಳಿದ್ದೀನಿ. ನೀವು ತುಂಬಾ ಪಂಕ್ಚುಯಲ್ ಅಂತೆ."

ಭಾವನಿಗೆ ಕೆಮ್ಮು ಬಂತು. ಅವಳ ಮುಖ ನೋಡಿದರು. ಆ ಮುಖ ಬಿಳಿಚಿಕೊಂಡು 'ದಮ್ಮಯ್ಯ' ಎನ್ನುತ್ತಿತ್ತು.

"ಹೂಂ... ಏನೋ ತಕ್ಕಮಟ್ಟಿಗೆ," ಎಂದರು ಭಾವ. "ಗಡಿಯಾರಗಳು ನನ್ನ ನೋಡಿ ಟೈಮ್ ಸರಿಮಾಡ್ಕೊಳ್ತವೆ."

ದಾರಿಯುದ್ದಕ್ಕೂ ಭಾವನ ಹೆಗಲು ನಗುವಿಗೆ ಕುಣಿಯುತ್ತಿತ್ತು. ಮನೆಗೆ ಬಂದವರೇ ಎಲ್ಲವನ್ನೂ ಅಕ್ಕನ ಮುಂದೆ ಸುರಿದರು.

ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದವಳು ಸೊಂಟಕ್ಕೆ ಕೈಯಿಟ್ಟಳು.

"ಏನೇ! ನನ್ನ ಗಂಡನ್ನ ಯಾವಾಗ್ಲೇ ಕಟ್ಕೊಂಡೆ ನೀನು?"

"ಅಕ್ಕಾ, ಅದು ವಾಕ್ಯಕ್ಕೆ ಹೇಳಿದ್ದು ಕಣೇ..."

"ಅದಿರಲಿ, ಇವರು ಪಂಕ್ಚುಯಲ್ಲಾ? ಮದುವೆ ದಿನ ನನ್ನ ಕಾಯಿಸಿದ ಮನುಷ್ಯ! ಅಂಥಾ ಕ್ಲಾಸಿಗೆ ನಾನೂ ಸೇರ್ತೀನಿ. ನನ್ನ ಗಂಡನ ಬಗ್ಗೆ ಒಳ್ಳೇದು ಕೇಳೋಕೆ ನನಗೂ ಆಸೆ ಇದೆ."

ಅವಳು ನಗಲಿಲ್ಲ. ಕಣ್ಣು ತುಂಬಿ ಬಂತು. ಅಕ್ಕ ಬಟ್ಟೆ ಬದಿಗಿಟ್ಟು ಹತ್ತಿರ ಕೂತಳು.

"ಆ ಹುಡುಗ ಹೇಗಿದ್ದಾನೆ?"

"ಯಾವ ಹುಡುಗ?"

"ನನ್ನ ಹತ್ರಾನೂ ನಾಟಕನಾ?"

ಅವಳು ಅಕ್ಕನ ಭುಜಕ್ಕೆ ಮುಖ ಒತ್ತಿದಳು. "ಒಂದು ಹಲ್ಲು ಓರೆ," ಎಂದಳು. "ಸರಿಮಾಡ್ಬೇಕು ಅಂತ ಅನ್ಸೋದೇ ಇಲ್ಲ ಅಕ್ಕ."

ಅಕ್ಕ ತಲೆ ಸವರಿದಳು. "ಮುಗೀತು ಬಿಡು. ನಿನ್ನಂಥವಳು ಒಂದು ಓರೆ ಹಲ್ಲನ್ನ ಹಾಗೇ ಬಿಡ್ತೀನಿ ಅಂದ್ಮೇಲೆ ಇನ್ನೇನಿದೆ!"

*

ಮರುದಿನ ಅವಳ ಪಕ್ಕದ ಜಾಗದಲ್ಲಿ ಬೇಕರಿ ಅಂಕಲ್ ಕೂತಿದ್ದರು.

"ಲಿಫ್ಟ್ ಮಹಾಶಯ ನನ್ನ ಬೆಂಚು ಕೇಳ್ದ ಕಣಮ್ಮ. ಕಿಟಕಿ ಹತ್ರ ಗಾಳಿ ಬರುತ್ತಂತೆ."

ಮೆಕ್ಯಾನಿಕ್ ಅವಳ ಕಡೆ ನೋಡಲೇ ಇಲ್ಲ. ಹೋಗುವಾಗಲೂ ಗೇಟಿನ ಬಳಿ ನಿಲ್ಲಲಿಲ್ಲ. ಅವನ ಬೈಕಿಗೆ ಇದ್ದಕ್ಕಿದ್ದಂತೆ ಎಲ್ಲ ಸರಿಹೋಗಿತ್ತು.

'ಸುಳ್ಳು ಗೊತ್ತಾಗಿದೆ. ಅಸಹ್ಯ ಪಟ್ಕೊಂಡಿದ್ದಾನೆ...' ಅವಳು ಆ ವಾರವೆಲ್ಲ ಮೇಣ ಕಾಯಿಸಿದಳು, ತಣಿಸಿದಳು, ಮತ್ತೆ ಕಾಯಿಸಿದಳು. ಒಂದು ಸೆಟ್ಟೂ ಸರಿಹೋಗಲಿಲ್ಲ. ಎಲ್ಲ ಹಲ್ಲುಗಳೂ ಸೈನಿಕರಂತೆ ನಿಂತವು.

ಅವಳು ತಿಳಿದದ್ದು ತಪ್ಪು. ಅವನಿಗೆ ಏನೂ ಗೊತ್ತಾಗಿರಲಿಲ್ಲ. ಪದಗಳಲ್ಲಿದ್ದ ಗಂಡನನ್ನು ಅವನು ಹೇಗೋ ಸಹಿಸಿಕೊಂಡಿದ್ದ. ಸ್ಕೂಟರ್ ಏರಿ ಬಂದ, ಹೆಲ್ಮೆಟ್ ಹಾಕಿದ, ಬೆವರಿದ ಗಂಡನನ್ನು ಸಹಿಸಲಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಒಳ್ಳೆಯ ಮನುಷ್ಯನ ಕಣ್ಣಿಗೆ ಕಣ್ಣಿಟ್ಟು ನಿಂತಾಗ ಅವನಿಗೆ ತನ್ನ ಮೇಲೇ ನಾಚಿಕೆಯಾಗಿತ್ತು. ಇನ್ನೊಬ್ಬರ ಹೆಂಡತಿಯ ಪಕ್ಕ ಕೂರಲು ದಿನವಿಡೀ ಕಾಯುವವನು ಎಂಥ ಮನುಷ್ಯ!

"ಶುಕ್ರವಾರ ಅವನಿಗೆ ಕೊನೆಯ ಕ್ಲಾಸ್," ಎಂದರು ಬೇಕರಿ ಅಂಕಲ್, ಗುಟ್ಟು ಹೇಳುವವರ ಹಾಗೆ. "ಸಂಜೆ ಪಾಳಿ ಬೇಕು ಅಂತ ತಾನೇ ಕೇಳಿ ಹಾಕಿಸ್ಕೊಂಡಿದ್ದಾನಂತೆ. ಯಾರಾದ್ರೂ ಸಂಜೆ ಪಾಳಿ ಕೇಳ್ತಾರಾ? ಏನೋ ನೋವಿರಬೇಕು ಪಾಪ."

ಶುಕ್ರವಾರ ಸ್ವಂತ ಪದದ ದಿನ. ಅವತ್ತು ಬೋರ್ಡಿನ ಮೇಲೆ ಟೀಚರಮ್ಮ ಏನೂ ಬರೆಯುವುದಿಲ್ಲ. ಪದ, ಅರ್ಥ, ವಾಕ್ಯ ಮೂರನ್ನೂ ಪ್ರತಿಯೊಬ್ಬರೂ ತಾವೇ ಹುಡುಕಿ ತರಬೇಕು.

ಅವಳು ಲ್ಯಾಬಿನಲ್ಲಿ, ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ನಿಘಂಟು ತಿರುವಿದಳು. ಕೊನೆಗೆ ಒಂದು ಪದದ ಮೇಲೆ ಬೆರಳು ನಿಂತಿತು.

*

ಶುಕ್ರವಾರ ಎಲ್ಲರೂ ಬಂದರು. ಅವನು ಬರಲಿಲ್ಲ.

"ಟೀಚರಮ್ಮ, ನನ್ನನ್ನ ಕೊನೆಗೆ ಕರೀರಿ," ಎಂದು ಬೇಡಿಕೊಂಡಳು.

ಬೇಕರಿ ಅಂಕಲ್ 'ಫ್ರೆಶ್' ಹೇಳಿದರು. ಬ್ಯಾಂಕಿನ ಕಾವಲುಗಾರ 'ಯಾನ್' ಹೇಳಿ, ಅರ್ಥ ವಿವರಿಸುವಾಗಲೇ ಆಕಳಿಸಿದ. ಎಲ್ಲರೂ ನಗುತ್ತಿದ್ದರು. ಅವಳ ಕಿವಿ ಮಾತ್ರ ಬಾಗಿಲಿನ ಹೊರಗಿತ್ತು. ಮೆಟ್ಟಿಲ ಮೇಲೆ ಸದ್ದು... ಇಲ್ಲ, ಬೇರೆ ಯಾರೋ. ಲಿಫ್ಟಿನ ಸದ್ದು... ಅದೂ ಅಲ್ಲ.

'ಬರದೇ ಇದ್ರೆ? ಇವತ್ತು ಬರದೇ ಇದ್ರೆ ಇನ್ನು ಯಾವತ್ತೂ ಇಲ್ಲ...'

"ಇನ್ನು ನೀನೊಬ್ಬಳೇ," ಎಂದರು ಟೀಚರಮ್ಮ. "ಏಳು."

ಎದ್ದಳು. ಬೆಂಚಿನ ಅಂಚು ಹಿಡಿದಳು. ಅದೇ ಹೊತ್ತಿಗೆ ಬಾಗಿಲು ತೆರೆಯಿತು.

"ಸಾರಿ ಟೀಚರ್. ಆಸ್ಪತ್ರೆ ಲಿಫ್ಟ್..."

ಮೂಗಿನ ಮೇಲೆ ಮಸಿ. ಏದುಸಿರು. ಅವಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂತು.

"ಬಾ, ಬಾಗಿಲಿಗೆ ಅಡ್ಡ ನಿಲ್ಬೇಡ," ಟೀಚರಮ್ಮ ಗದರಿ, ಅವಳ ಕಡೆ ತಿರುಗಿದರು. "ಪದ?"

"ಇಮ್ಯಾಜಿನರಿ."

"ಅರ್ಥ?"

"ಮನಸ್ಸಿನಲ್ಲಿ ಮಾತ್ರ ಇರೋದು. ಹೊರಗೆ ಎಷ್ಟು ಹುಡುಕಿದ್ರೂ ಸಿಗದ್ದು."

"ಸರಿ. ವಾಕ್ಯ?"

ಅವಳು ಕಿಟಕಿಯ ಬೆಂಚಿನತ್ತ ನಡೆಯುತ್ತಿದ್ದ ಬೆನ್ನನ್ನು ನೋಡುತ್ತಾ ಹೇಳಿದಳು.

"ಮೈ ಹಸ್ಬೆಂಡ್ ಈಸ್ ಇಮ್ಯಾಜಿನರಿ."

ಆ ಬೆನ್ನು ನಿಂತಿತು.

ಬೇಕರಿ ಅಂಕಲ್ ಬಾಯಿ ತೆರೆದರು, ಮುಚ್ಚಿದರು. ಪ್ರಶ್ನೆ ಕೇಳಬೇಕಾದವರು ಅವರು. "ನಂಗೇನೂ ತೋಚ್ತಿಲ್ಲಮ್ಮ," ಎಂದು ಕೈಚೆಲ್ಲಿದರು.

"ಹಾಗಾದ್ರೆ..." ಮೆಕ್ಯಾನಿಕ್ ತಿರುಗಿದ. "ಹಾಗಾದ್ರೆ ಇಷ್ಟು ದಿನ ನಾನು ಹೊಟ್ಟೆಕಿಚ್ಚು ಪಟ್ಟಿದ್ದು ಯಾರ ಮೇಲೆ?"

"ಇಂಗ್ಲಿಷಿನಲ್ಲಿ!" ಟೀಚರಮ್ಮ ಅಭ್ಯಾಸಬಲದಿಂದ ಕೂಗಿದರು. ಆಮೇಲೆ ಇಬ್ಬರ ಮುಖವನ್ನೂ ನೋಡಿ, ಕನ್ನಡಕ ತೆಗೆದು ಒರೆಸತೊಡಗಿದರು. "ಬೇಡ ಬಿಡು. ಇದಕ್ಕೆ ಕನ್ನಡವೇ ಸರಿ."

"ಸ್ಕೂಟರಿನಲ್ಲಿ ಬಂದಿದ್ದು ನನ್ನ ಅಕ್ಕನ ಗಂಡ," ಅವಳು ಹೇಳಿದಳು. ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. "ನನಗೆ ಮದುವೆಯಾಗಿಲ್ಲ. ಮೊದಲ ದಿನ ನಿಮ್ಮ ಮೇಲಿನ ಸಿಟ್ಟಿಗೆ ಗಂಡ ಅಂದ್ಬಿಟ್ಟೆ. ಆಮೇಲೆ ನೀವು ಕೇಳ್ತಾ ಹೋದ್ರಿ, ನಾನು ಹೇಳ್ತಾ ಹೋದೆ. ಹೇಳೋಕೆ ನನ್ನ ಹತ್ರ ಗಂಡ ಎಲ್ಲಿದ್ದ? ಪಕ್ಕದಲ್ಲಿ ನೀವಿದ್ರಿ. ಗುನುಗೋದು ನಿಮ್ಮದು. ಕೈ ಒರೆಸ್ಕೊಳ್ಳೋದು ನಿಮ್ಮದು. ಬೇಕರಿ ಅಂಕಲ್‌ಗೋಸ್ಕರ ತಪ್ಪು ಹೇಳ್ತಿದ್ದದ್ದೂ..."

"ಏನು, ನನಗೋಸ್ಕರ ತಪ್ಪು ಹೇಳ್ತಿದ್ನಾ?" ಬೇಕರಿ ಅಂಕಲ್ ಹೌಹಾರಿದರು.

"ಎಲ್ಲ ನಿಮ್ಮಿಂದ ಕದ್ದಿದ್ದು," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ. "ನನ್ನ ಮೇಲೆ ಸಿಟ್ಟಿದ್ರೆ ಹೇಳಿಬಿಡಿ. ಸಂಜೆ ಪಾಳಿ ಮಾತ್ರ ತಗೋಬೇಡಿ."

ಅವನು ಹೆಗಲಿನಿಂದ ಜಾರಿದ್ದ ಚೀಲವನ್ನು ಎತ್ತಿಕೊಂಡ. ಅವಳ ಜೀವ ಬಾಯಿಗೆ ಬಂತು... ಹೊರಟುಬಿಟ್ಟನಾ?

ಅವನು ನೇರವಾಗಿ ಅವಳ ಬೆಂಚಿಗೆ ಬಂದ.

"ಅಂಕಲ್, ನಿಮ್ಮ ಕಿಟಕಿ ನಿಮಗೇ. ಅಲ್ಲಿ ಗಾಳೀನೇ ಬರಲ್ಲ."

ಇಡೀ ಕ್ಲಾಸ್ ಚಪ್ಪಾಳೆ ತಟ್ಟಿತು. ಟೀಚರಮ್ಮ ಮೇಜು ಕುಟ್ಟಿ, "ಸದ್ದು! ಸದ್ದು!" ಎಂದರು. ಅವರ ಕನ್ನಡಕ ಇನ್ನೂ ಒರೆಸಿ ಮುಗಿದಿರಲಿಲ್ಲ.

*

ಕ್ಲಾಸ್ ಬಿಟ್ಟಿತು. ಎಲ್ಲರೂ ಲಿಫ್ಟಿಗೆ ತುಂಬಿಕೊಂಡರು. ಬೇಕರಿ ಅಂಕಲ್ ಒಳಗಿನಿಂದ ಕರೆದರು, "ಬನ್ನಿ, ಇನ್ನೂ ಇಬ್ಬರಿಗೆ ಜಾಗ ಇದೆ!"

"ಮೆಟ್ಟಿಲಲ್ಲಿ ಬರ್ತೀವಿ," ಎಂದಳು ಅವಳು.

ಲಿಫ್ಟ್ ಇಳಿದುಹೋಯಿತು. ಅವನು ಸೊಂಟಕ್ಕೆ ಕೈಯಿಟ್ಟು ನಿಂತ.

"ನೀವೂ ನಮ್ಮಮ್ಮನ ಪಾರ್ಟಿನಾ? ಮೊನ್ನೆ ತಾನೇ ಸರಿಮಾಡಿದ್ದೀನಿ. ಚೆನ್ನಾಗಿ ಓಡುತ್ತೆ."

"ಅದಕ್ಕೇ ಬೇಡ. ಬೇಗ ಕೆಳಗೆ ಮುಟ್ಟಿಸಿಬಿಡುತ್ತೆ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದಾಗ ಕಿವಿಯವರೆಗೂ ಕೆಂಪಾದ. ಚಿಂದಿ ಬಟ್ಟೆ ತೆಗೆದು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ಆಮೇಲೆ ಕೈ ಚಾಚಿದ. ಅವಳು ಹಿಡಿದಳು. ಈ ಸಲ ಎದೆ ತಾಳ ತಪ್ಪಿದಾಗ ಭಯ ಎಂದು ಹೇಳಿಕೊಳ್ಳಲಿಲ್ಲ.

ಒಂದು ಮಹಡಿ ಇಳಿದ ಮೇಲೆ ಅವನು ಕೇಳಿದ.

"ಒಂದು ಪ್ರಶ್ನೆ ಕೇಳ್ಲಾ?"

"ಒಂದೇ."

"ಎಲ್ಲ ಗುಣ ನನ್ನಿಂದ ಕದ್ದೆ ಅಂದ್ರಲ್ಲ... ಪಂಕ್ಚುಯಲ್? ನಾನು ಜನ್ಮದಲ್ಲಿ ಒಂದು ಕಡೆಗೂ ಸರಿಯಾದ ಟೈಮಿಗೆ ಹೋದವನಲ್ಲ. ಮುಂದೆನೂ ಹಾಗೇ. ಊಟ ಬಡಿಸಿದಾಗ ಎಲ್ಲೋ ಒಂದು ಲಿಫ್ಟ್ ನಿಲ್ಲುತ್ತೆ, ನಾನು ಓಡ್ಬೇಕಾಗುತ್ತೆ. ಅದೊಂದು ಗುಣ ನಾನು ಎಲ್ಲಿಂದ ತರಲಿ?"

ಅವಳು ಮೆಟ್ಟಿಲ ಮೇಲೆ ನಿಂತಳು. ಅವನ ಮೂಗಿನ ಮಸಿಯನ್ನು ಹೆಬ್ಬೆರಳಿನಿಂದ ಒರೆಸಿದಳು.

"ತರೋದು ಬೇಡ. ಆ ಪಂಕ್ಚುಯಲ್ ಗಂಡನನ್ನ ಇವತ್ತೇ ಬಿಟ್ಟೆನಲ್ಲ."

"ಮತ್ತೆ ನಾನು ತಡ ಮಾಡಿದಾಗ?"

"ಬೈತೀನಿ," ಎಂದಳು. "ಬೈತಾ ಕಾಯ್ತೀನಿ."